ಅರ್ಧ ಅಕ್ಕಿಕಾಳಿನ ಎತ್ತರ

ಹಲ್ಲಕ್ಕನ ಮನೆಗೆ ಬೊಚ್ಚುಬಾಯಲ್ಲಿ ಹೋದವರು ಹಲ್ಲು ಕಟ್ಟಿಸಿಕೊಂಡು ಬರುತ್ತಿದ್ದರು, ಜೊತೆಗೆ ನಾಲ್ಕು ಮಾತನ್ನೂ ಅನ್ನಿಸಿಕೊಂಡು ಬರುತ್ತಿದ್ದರು. ಹಲ್ಲು ಕೀಳುವ ಡಾಕ್ಟರು ಮುಖ್ಯರಸ್ತೆಯಲ್ಲಿದ್ದರು. ಕಿತ್ತ ಬಾಯಿಗೆ ಕೂರುವ ಸೆಟ್ಟು ತಯಾರಾಗುತ್ತಿದ್ದದ್ದು ಹಿಂದಿನ ಗಲ್ಲಿಯಲ್ಲಿ, ಹಲ್ಲಕ್ಕನ ಮನೆಯ ಮುಂದಿನ ಕೋಣೆಯಲ್ಲಿ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: ಬೆಳ್ಳಗಿರಲಿ, ಸಾಲಾಗಿರಲಿ. ಅಕ್ಕ ಕನ್ನಡಕವನ್ನು ಹಣೆಗೇರಿಸಿ ಅವರ ಮುಖವನ್ನೇ ನೋಡುತ್ತಿದ್ದಳು.

"ವಯಸ್ಸೆಷ್ಟು ನಿಮಗೆ?"

"ಅರವತ್ತೆಂಟು."

"ಅರವತ್ತೆಂಟರ ಮುಖಕ್ಕೆ ಹದಿನಾರರ ಹಲ್ಲು ಇಟ್ರೆ ಜನ ನಿಮ್ಮನ್ನ ನೋಡಲ್ಲ, ಹಲ್ಲನ್ನ ನೋಡ್ತಾರೆ. ಸುಮ್ನೆ ಬಾಯಿ ತೆಗೀರಿ."

ಹಾಗೆಂದು ಮುಂದಿನ ಒಂದು ಹಲ್ಲನ್ನು ತುಸು ಓರೆ ಮಾಡುತ್ತಿದ್ದಳು, ಇನ್ನೊಂದರ ತುದಿ ಸವೆಸುತ್ತಿದ್ದಳು, ಬುಡದಲ್ಲಿ ಚಹಾ ಬಣ್ಣದ ಒಂದು ಗೆರೆ ಎಳೆಯುತ್ತಿದ್ದಳು. ಗೊಣಗುತ್ತ ಹೋದವರು ವಾರ ಬಿಟ್ಟು ಬಂದು, ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ ಎಂದು ಹಲ್ಲು ಬಿಡುತ್ತಿದ್ದರು. ಎಳ್ಳಷ್ಟೂ ತಪ್ಪಿಲ್ಲದ್ದು ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಬಾಯಲ್ಲಿ ಸಿಗುವುದಿಲ್ಲ ಎನ್ನುವುದು ಅವಳ ಸಿದ್ಧಾಂತ. ಇನ್ನೊಂದು ಸಿದ್ಧಾಂತವೂ ಇತ್ತು. ಅಳತೆ ತೆಗೆಯದೆ ಅವಳು ಒಂದು ಹಲ್ಲನ್ನೂ ಮುಟ್ಟುತ್ತಿರಲಿಲ್ಲ. ನೀಲಿ ಕಾಗದದ ಚೂರನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿ, ಎಲ್ಲಿ ಬಣ್ಣ ಜಾಸ್ತಿ ಹತ್ತಿತೋ ಅಲ್ಲಿ ಕೂದಲೆಳೆಯಷ್ಟು ಉಜ್ಜಿ, ಮತ್ತೆ ಕಚ್ಚಿಸುತ್ತಿದ್ದಳು. ನಲವತ್ತು ವರ್ಷ ಹೀಗೆ ಕೂದಲೆಳೆಯ ಲೆಕ್ಕದಲ್ಲಿ ಬದುಕಿದ ಹೆಂಗಸು ಒಂದೇ ಒಂದು ಸಲ ಅಳತೆ ತೆಗೆಯುವುದನ್ನು ಮರೆತಳು. ಮರೆತದ್ದು ಸ್ವಂತ ತಮ್ಮನ ಅಳತೆಯನ್ನು.

ಆ ತಮ್ಮನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಆಫೀಸಿನ ಹಾಜರಿ ಪುಸ್ತಕ ಬಿಟ್ಟರೆ ಇನ್ನೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಬೀದಿಗೆಲ್ಲ ಅವನು ಗಿಡ್ಡಣ್ಣ. ಎಷ್ಟು ನೆಟ್ಟಗೆ ನಿಂತರೂ ಐದಡಿಗೆ ಒಂದಿಂಚು ಕಡಿಮೆ. ಅದೊಂದು ಮಾತು ಅವನಿಗೆ ಆಗಿಬರುತ್ತಿರಲಿಲ್ಲ. ದಪ್ಪ ಅಟ್ಟೆಯ ಬೂಟು ಹಾಕುತ್ತಿದ್ದ, ಫೋಟೋ ಹೊಡೆಯುವಾಗ ಮೆಲ್ಲಗೆ ಹಿಂದೆ ಸರಿದು ಮೆಟ್ಟಿಲು ಹತ್ತಿ ನಿಲ್ಲುತ್ತಿದ್ದ. ಅಕ್ಕ ಮಾತ್ರ ಹುಟ್ಟಿದಾಗಿನಿಂದ ಒಮ್ಮೆಯೂ ಅವನನ್ನು ಗಿಡ್ಡ ಅನ್ನಲಿಲ್ಲ. ಅವಳ ಪಾಲಿಗೆ ಅವನು ಸುಮ್ಮನೆ ತಮ್ಮ.

ಗಿಡ್ಡಣ್ಣ ರೈಲ್ವೆಯಲ್ಲಿ ಸಿಗ್ನಲ್ ಕ್ಯಾಬಿನ್ನಿನವನು. ಸ್ಟೇಷನ್ನಿನ ತುದಿಗೆ, ಮರದ ಮೆಟ್ಟಿಲು ಹತ್ತಿ ಹೋಗುವ ಒಂದು ಮೇಲಂತಸ್ತಿನ ಕೋಣೆ. ಮೂರು ಕಡೆ ಕಿಟಕಿ. ಮುಂದಿನ ಕಿಟಕಿಗೂ ಅವನಿಗೂ ನಡುವೆ ಎದೆಯೆತ್ತರದ ಇಪ್ಪತ್ತು ಕಬ್ಬಿಣದ ಲಿವರುಗಳು. ಒಂದೊಂದು ಲಿವರು ಎಳೆದರೆ ಕೆಳಗೆ ಎಲ್ಲೋ ಹಳಿ ಸರಿಯುತ್ತದೆ, ಸಿಗ್ನಲ್ಲಿನ ಕೈ ಇಳಿಯುತ್ತದೆ, ರೈಲು ಒಳಗೆ ಬರುತ್ತದೆ. ಎಳೆಯುವ ಮುಂಚೆ ಹೊರಗೆ ನೋಡಬೇಕು, ಹಳಿ ಖಾಲಿ ಇದೆಯೋ ಇಲ್ಲವೋ ಎಂದು. ಹದಿನಾರು ವರ್ಷ ಅವನು ನೋಡಿದ, ಎಳೆದ, ರೈಲು ಬಂತು, ಹೋಯಿತು.

ಒಂದು ಮಧ್ಯಾಹ್ನ ಪಕ್ಕದ ಹಳಿಯಲ್ಲಿ ಬಿಟ್ಟಿದ್ದ ಒಂದು ಖಾಲಿ ವ್ಯಾಗನ್ನು, ಯಾರೋ ಬ್ರೇಕು ಸರಿಯಾಗಿ ಹಾಕದೆ ಹೋದದ್ದರಿಂದ, ಇಳಿಜಾರಿನಲ್ಲಿ ತೆವಳುತ್ತ ಬಂದು ಎರಡು ಹಳಿ ಕೂಡುವ ಜಾಗದಲ್ಲಿ ನಿಂತಿತು. ಗೋಡೆಯೂ ಇಲ್ಲದ, ಚಾವಣಿಯೂ ಇಲ್ಲದ, ಉದ್ದನೆಯ ಮರದ ದಿಮ್ಮಿ ಸಾಗಿಸುವ ಬರಿ ಹಾಸಿನ ವ್ಯಾಗನ್ನು ಅದು. ಗಾಲಿಯ ಮೇಲೊಂದು ಹಲಗೆ ಅಂದುಕೊಳ್ಳಿ. ಗಿಡ್ಡಣ್ಣ ಲಿವರ್ ಎಳೆದ, ಪ್ಯಾಸೆಂಜರ್ ಬಂತು, ಎಂಜಿನ್ನು ಅದರ ಮೂಲೆಗೆ ಹೊಡೆದು ವಾಲಿತು, ಎರಡು ಬೋಗಿ ಹಳಿ ಬಿಟ್ಟವು. ಯಾರ ಪ್ರಾಣವೂ ಹೋಗಲಿಲ್ಲ, ಪುಣ್ಯ. ಡ್ರೈವರಿನ ಬಾಯಿ ಕಬ್ಬಿಣದ ಹಿಡಿಗೆ ಅಪ್ಪಳಿಸಿ ಮುಂದಿನ ಆರು ಹಲ್ಲು ಎಂಜಿನ್ನಿನ ನೆಲದ ಮೇಲೆ ಚೆಲ್ಲಿದವು.

ವಿಚಾರಣೆಗೆ ಮೂರು ಜನ ಸಾಹೇಬರು ಬಂದರು. ಮೂವರೂ ಒಳ್ಳೇ ಆಳೆತ್ತರದವರು. ವ್ಯಾಗನ್ನನ್ನು ಮತ್ತೆ ಅದೇ ಜಾಗದಲ್ಲಿ, ಕ್ಯಾಬಿನ್ನಿನಿಂದ ನಲವತ್ತೆರಡು ಅಡಿ ದೂರದಲ್ಲಿ ನಿಲ್ಲಿಸಿದರು. ಗಿಡ್ಡಣ್ಣನನ್ನು ಮೆಟ್ಟಿಲ ಬಾಗಿಲಲ್ಲಿ ನಿಲ್ಲಿಸಿ, ತಾವು ಒಬ್ಬೊಬ್ಬರಾಗಿ ಲಿವರಿನ ಹಿಂದೆ ನಿಂತು ನೋಡಿದರು. ಮೂವರಿಗೂ ಅಂಗೈ ನೆಲ್ಲಿಕಾಯಿಯಂತೆ ಕಂಡಿತು.

"ಎಳೆಯೋ ಮುಂಚೆ ನೋಡಿದ್ಯಾ?" ಎಂದರು.

"ನೋಡ್ದೆ ಸಾರ್."

"ಏನು ಕಾಣ್ತು?"

"ಏನೂ ಇರ್ಲಿಲ್ಲ ಸಾರ್. ಲೈನ್ ಖಾಲಿ ಇತ್ತು."

ನೋಡದೆ ಎಳೆದಿದ್ದಾನೆ, ಮೇಲಾಗಿ ನೋಡಿದೆನೆಂದು ಸುಳ್ಳು ಹೇಳುತ್ತಿದ್ದಾನೆ ಎಂದು ಬರೆದು ಸಹಿ ಹಾಕಿ ಹೋದರು. ಏನು ಹೇಳೋಣ ಇವರಿಗೆ. ದೊಡ್ಡ ಕುರ್ಚಿಯಲ್ಲಿ ಕೂತವರಿಗೆ ತಮ್ಮ ಕಣ್ಣಿಗೆ ಕಂಡದ್ದು ಲೋಕಕ್ಕೆಲ್ಲ ಕಾಣಲೇಬೇಕು. ಗಿಡ್ಡಣ್ಣ ಆವತ್ತು ಕ್ಯಾಬಿನ್ನಿನ ಮೆಟ್ಟಿಲು ಇಳಿದವನು ಮತ್ತೆ ಹತ್ತಲಿಲ್ಲ. ಮರುವರ್ಷ ಹೊಸ ಯಂತ್ರ ಬಂತೆಂದು ಕ್ಯಾಬಿನ್ನನ್ನೇ ಕೆಡವಿದರು. ಅವನನ್ನು ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆಗೆ ಹಾಕಿದರು. ಹದಿನೆಂಟು ವರ್ಷ ಅವನು ಬೇರೆಯವರ ಕೊಡೆಗಳಿಗೆ ಚೀಟಿ ಕಟ್ಟಿದ. ಯಾರ ಮುಂದೆಯೂ ವಾದ ಮಾಡಲಿಲ್ಲ. ಅಕ್ಕನ ಮುಂದೆ ಮಾತ್ರ ವರ್ಷಕ್ಕೊಂದು ಸಲವಾದರೂ, ಊಟದ ನಡುವೆ ಕೈ ನಿಲ್ಲಿಸಿ, "ನೋಡಿದ್ದೆ ಅಕ್ಕ" ಅನ್ನುತ್ತಿದ್ದ.

"ಗೊತ್ತು ಕಣೋ, ಊಟ ಮಾಡು" ಅನ್ನುತ್ತಿದ್ದಳು ಅವಳು.

ಹಲ್ಲು ಕಳಕೊಂಡ ಡ್ರೈವರು ಮೂರು ತಿಂಗಳ ಮೇಲೆ ಹಲ್ಲಕ್ಕನ ಬಾಗಿಲಿಗೇ ಬಂದ.

"ನಿಮ್ಮ ತಮ್ಮ ಅಂತ ಗೊತ್ತಿದ್ದೇ ಬಂದಿದೀನಿ" ಎಂದ ಆತ, ಗಾಳಿ ಸೋರುವ ಬಾಯಲ್ಲಿ. "ಇಲ್ಲಿ ಹಲ್ಲು ಕಟ್ಟೋರು ನೀವೊಬ್ರೇ. ನಿಮ್ಮ ಹತ್ರ ಜಗಳ ಆಡೋಕೂ ಮೊದಲು ಹಲ್ಲು ಬೇಕಲ್ಲ."

ಅವಳು ಜೀವಮಾನದ ಅತ್ಯುತ್ತಮ ಆರು ಹಲ್ಲು ಮಾಡಿಕೊಟ್ಟಳು. ಆತ ಜಗಳವಾಡಲಿಲ್ಲ. ಕೊನೆಯ ಸಲ ಬಂದಾಗ ಜೇಬಿನಿಂದ ಬೆರಳುದ್ದದ ಒಂದು ಎಂಜಿನ್ ತೆಗೆದು, ಇದರ ಮೆಟ್ಟಿಲು ಮುರಿದಿದೆ, ನೀವು ಹಲ್ಲು ಕಟ್ಟುವ ಪುಡಿಯಲ್ಲಿ ಕೂಡಿಸಲಾಗುತ್ತದೆಯೇ ಎಂದು ಕೇಳಿದ. ಅಕ್ಕ ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಎಳ್ಳಿಗಿಂತ ಸಣ್ಣ ಮೊಳೆಗಳು, ದಾರದಷ್ಟು ತೆಳುವಾದ ಕಂಬಿ, ಗಾಲಿ ತಿರುಗಿಸಿದರೆ ಅದರೊಡನೆ ಓಡಾಡುವ ಪುಟ್ಟ ಸಲಾಕೆ. ಕೂಡಿಸಿದ್ದನ್ನು ಕೊಡಲು ಅವನ ಮನೆಗೆ ಹೋದವಳು ಅಲ್ಲಿ ಮೇಜಿನ ಮೇಲೆ ಅವನು ಕಟ್ಟಿದ್ದ ಪುಟ್ಟ ಊರನ್ನು ನೋಡಿ ಬೆಕ್ಕಸ ಬೆರಗಾದಳು. ಗುಡ್ಡ, ಸೇತುವೆ, ಕಿಟಕಿಯಲ್ಲಿ ದೀಪ, ಹಗ್ಗದ ಮೇಲೆ ಒಣಗುವ ಬಟ್ಟೆ, ಎಲ್ಲ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿದಾಗ ರೈಲು ಗುಡ್ಡದ ಮರೆಯಿಂದ ಅವಳ ಕಡೆಗೇ ಬಂತು. ಅರವತ್ತು ಕೆಜಿಯ ಹೆಂಗಸು ಹೆದರಿ ಒಂದು ಹೆಜ್ಜೆ ಹಿಂದೆ ಹಾರಿದಳು. ಡ್ರೈವರು ಹೊಸ ಹಲ್ಲು ತೋರಿಸಿ ನಕ್ಕ.

ಅಲ್ಲಿಂದ ಶುರುವಾಯಿತು ಹುಚ್ಚು. ಬಾಯಿಯ ಅಚ್ಚು ತೆಗೆಯುವ ಗಾರೆಯಲ್ಲಿ ಬಂಡೆ ಎರಕ ಹೊಯ್ದಳು. ಹಲ್ಲಿಗೆ ಕಲೆ ಹಾಕುವ ಕುಂಚದಲ್ಲಿ ವ್ಯಾಗನ್ನುಗಳಿಗೆ ತುಕ್ಕು ಹಾಕಿದಳು. ಡ್ರೈವರು ಇಪ್ಪತ್ತು ವರ್ಷದಿಂದ ತುಕ್ಕೆಂದರೆ ಕಂದು ಬಣ್ಣ ಎಂದುಕೊಂಡಿದ್ದ. ಅವಳು ಒಂದು ವ್ಯಾಗನ್ನಿಗೆ ಐದು ಬಗೆಯ ತುಕ್ಕು ಹಾಕಿ ತೋರಿಸಿದಳು: ಮೊಳೆಯ ಕೆಳಗೆ ಸೋರಿದ್ದು, ಬಾಗಿಲು ಉಜ್ಜಿ ಹೊಳೆದದ್ದು, ಮೂಲೆಯಲ್ಲಿ ನೀರು ನಿಂತು ಕಪ್ಪಾದದ್ದು. ಆತ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

"ಅಕ್ಕ, ಇದನ್ನ ಮುಟ್ಟಿದ್ರೆ ಧನುರ್ವಾಯು ಬರುತ್ತೆ" ಎಂದ.

ವರ್ಷಗಳು ಹೀಗೇ ಹೋದವು. ಗಿಡ್ಡಣ್ಣ ನಿವೃತ್ತನಾದ. ಡ್ರೈವರು ಬರುವ ದಿನ ಅವನು ಹಿಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದ, ಆ ಬಾಯಿಗೆ ಎದುರಾಗುವ ಧೈರ್ಯ ಅವನಿಗಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕತಮ್ಮ ಅಡುಗೆಮನೆಯಲ್ಲಿ ಕೂತು ಅವರೆ ಸುಲಿಯುತ್ತಿದ್ದಾಗ ಅವನು ತಲೆಯೆತ್ತದೆ ಹೇಳಿದ.

"ಅಕ್ಕ, ನಾನು ನೋಡಲೇ ಇಲ್ವೇನೋ."

"ಏನಂದೆ?"

"ಮೂರು ಜನ ನೋಡಿದ್ರು, ಮೂರು ಜನಕ್ಕೂ ಕಾಣ್ತು. ಅಲ್ಲಿತ್ತು ಅಂದ್ಮೇಲೆ ನಾನು ನೋಡಿದ್ರೆ ಕಾಣ್ಬೇಕಿತ್ತು. ಕಾಣ್ಲಿಲ್ಲ ಅಂದ್ರೆ ನೋಡ್ಲಿಲ್ಲ ಅಂತ ತಾನೇ. ಹದಿನೆಂಟು ವರ್ಷ ನಿನ್ಹತ್ರ ಸುಳ್ಳು ಹೇಳ್ಕೊಂಡು ಬಂದ್ನೇನೋ."

ಅಕ್ಕನ ಕೈಯಿಂದ ಅವರೆಕಾಳು ಉರುಳಿಹೋದವು. ಲೋಕ ಅವನನ್ನು ಸುಳ್ಳ ಅಂದಾಗ ಅವಳಿಗೆ ಸಿಟ್ಟು ಬಂದಿತ್ತು, ಅಷ್ಟೆ. ಈಗ ಅವನೇ ತನ್ನನ್ನು ಸುಳ್ಳ ಅಂದುಕೊಂಡದ್ದು ಅವಳಿಂದ ತಡೆಯಲಾಗಲಿಲ್ಲ. ಮನುಷ್ಯನಿಗೆ ಹಲ್ಲು ಹೋದರೆ ಕಟ್ಟಿಕೊಡಬಹುದು, ತನ್ನ ಮಾತಿನ ಮೇಲೆ ತನಗೇ ನಂಬಿಕೆ ಹೋದರೆ ಏನು ಕಟ್ಟಿಕೊಡುವುದು? ಅಂದೇ ಸಂಜೆ ಅವಳು ಡ್ರೈವರಿನ ಮನೆಗೆ ಹೋದಳು.

"ಆ ಕ್ಯಾಬಿನ್ನು ಬೇಕು ನಂಗೆ. ಆ ಹಳಿ, ಆ ವ್ಯಾಗನ್ನು, ಆವತ್ತಿನ ಹಾಗೇ. ಒಳಗಿಂದ ನೋಡ್ಬೇಕು."

ಡ್ರೈವರಿಗೆ ಅರ್ಥವಾಯಿತು. ಸ್ವಲ್ಪ ಹೊತ್ತು ತನ್ನ ಕಟ್ಟಿದ ಹಲ್ಲನ್ನು ನಾಲಿಗೆಯಿಂದ ತಡವಿಕೊಂಡ. "ಕಂಡ್ರೆ?" ಎಂದು ಕೇಳಿದ.

"ಕಂಡ್ರೆ ಕಾಣ್ಲಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೇನೇ ಇದೆ. ಆ ಸಾಹೇಬರು ಪ್ರತ್ಯಕ್ಷ ಕಂಡ್ರು, ಹೋದ್ರು. ಪ್ರಮಾಣಿಸಿದವರು ಯಾರು?"

ಎರಡು ವರ್ಷ ಹಿಡಿಯಿತು. ವಿಚಾರಣೆಯ ಕಾಗದದ ನಕಲಿನಲ್ಲಿ ಅಳತೆಗಳಿದ್ದವು, ಅವನ್ನು ಬರೆಯುವುದರಲ್ಲಿ ಮಾತ್ರ ಸಾಹೇಬರು ಬಲು ಚುರುಕು. ಕಿಟಕಿಯ ಅಂಚು ನೆಲದಿಂದ ನಾಲ್ಕಡಿ, ಲಿವರಿನ ಹಿಂದೆ ಮನುಷ್ಯ ನಿಲ್ಲುವ ಜಾಗ ಕಿಟಕಿಯಿಂದ ನಾಲ್ಕಡಿ, ಕ್ಯಾಬಿನ್ನಿನ ನೆಲ ಹಳಿಯಿಂದ ಹತ್ತಡಿ ಮೇಲೆ. ಅಕ್ಕ ಪ್ರತಿಯೊಂದನ್ನೂ ಎಂಬತ್ತೇಳರಿಂದ ಭಾಗಿಸಿ ಹಲ್ಲಿನ ಅಳತೆಕಡ್ಡಿಯಲ್ಲಿ ಗುರುತು ಹಾಕಿಕೊಂಡಳು. ಗೋಡೆಗೆ ಇಟ್ಟಿಗೆಗಳನ್ನು ಒಂದೊಂದಾಗಿ ಗೀರಿದಳು, ಎರಡು ಸಾವಿರದ ಚಿಲ್ಲರೆ. ಹಳಿಯ ಕೆಳಗಿನ ಜಲ್ಲಿಗೆ ಮರಳನ್ನು ಮೂರು ಬಟ್ಟೆಯಲ್ಲಿ ಜರಡಿ ಹಿಡಿದಳು. ಕಾಯಿಸಿ ಬಿಟ್ಟ ಚಹಾಪುಡಿಯನ್ನು ಒಣಗಿಸಿ, ಅರೆದು, ಎಂಜಿನ್ನು ನಿಲ್ಲುವ ಜಾಗದ ಎಣ್ಣೆ ಕುಡಿದ ಮಣ್ಣು ಮಾಡಿದಳು. ಇಪ್ಪತ್ತು ಲಿವರಿನ ಹಿಡಿಗಳನ್ನು ಉಜ್ಜಿ ಹೊಳೆಯಿಸಿ, ಹನ್ನೊಂದನೆಯದನ್ನು ಇನ್ನೂ ಸ್ವಲ್ಪ ಜಾಸ್ತಿ ಹೊಳೆಯಿಸಿದಳು, ಅದು ದಿನಕ್ಕೆ ಹೆಚ್ಚು ಸಲ ಎಳೆಯುವ ಲಿವರೆಂದು ತಮ್ಮ ಯಾವಾಗಲೋ ಹೇಳಿದ್ದನ್ನು ನೆನಪಿಟ್ಟು. ಬರಿ ಹಾಸಿನ ವ್ಯಾಗನ್ನಿಗೆ ಬೆಂಕಿಕಡ್ಡಿಗಳನ್ನು ಸೀಳಿ ಹಲಗೆ ಮಾಡಿ, ಹಲ್ಲು ಕೆದಕುವ ಸೂಜಿಯಲ್ಲಿ ಮರದ ಎಳೆ ಬಿಡಿಸಿದಳು. ದಿಮ್ಮಿ ಹೊತ್ತು ಹೊತ್ತು ಹಲಗೆ ಸವೆದ ಎರಡು ತಗ್ಗನ್ನೂ ಬಿಡಲಿಲ್ಲ. ಡ್ರೈವರು ನೋಡಲು ಬಂದವನು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತುಬಿಟ್ಟ. ಆ ವ್ಯಾಗನ್ನನ್ನು ಅವನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇರಲಿಲ್ಲವಲ್ಲ.

ತಮ್ಮನಿಗೆ ಮಾತ್ರ ಆ ಕೋಣೆಯ ಬಾಗಿಲು ಬೀಗ. ಅವನು ಕೇಳಿದರೆ ಆಟದ ಸಾಮಾನು ಎನ್ನುತ್ತಿದ್ದಳು. "ಹಲ್ಲು ಬೀಳೋ ವಯಸ್ಸಲ್ಲಿ ಆಟ" ಎಂದು ಅವನು ನಗುತ್ತಿದ್ದ.

ಎಲ್ಲ ಮುಗಿದ ಮೇಲೆ ಒಂದು ಮನುಷ್ಯನ ಬೊಂಬೆ ಬೇಕಾಯಿತು. ಪಟ್ಟಣದ ಅಂಗಡಿಯಲ್ಲಿ ರೈಲ್ವೆ ನೌಕರರ ಬೊಂಬೆಗಳು ಆರರ ಡಬ್ಬಿಯಲ್ಲಿ ಸಿಗುತ್ತಿದ್ದವು. ಡ್ರೈವರು ತಂದುಕೊಟ್ಟ. ಅದರಲ್ಲೊಬ್ಬ ಕೈ ಮುಂದೆ ಚಾಚಿದವನು ಲಿವರಿನ ಹಿಂದೆ ಹೇಳಿಮಾಡಿಸಿದಂತೆ ನಿಂತ. ಅಕ್ಕ ಅತಿ ಸಣ್ಣ ಸೂಜಿಯ ಡ್ರಿಲ್ಲಿನಿಂದ ಅವನ ಕಣ್ಣಿನ ಮಟ್ಟದಲ್ಲಿ ತಲೆಯಲ್ಲಿ ಆಚೆಯಿಂದ ಈಚೆಗೆ ಒಂದು ತೂತು ಕೊರೆದಳು. ಬೆನ್ನ ಹಿಂದೆ ಕರಿ ಕಾಗದ ಅಂಟಿಸಿ ಅದಕ್ಕೂ ಅಲ್ಲೇ ತೂತು ಮಾಡಿದಳು. ಹಿಂದಿನಿಂದ ಕಣ್ಣಿಟ್ಟರೆ ಆ ತಲೆಯೊಳಗಿಂದಲೇ ಹೊರಗೆ ನೋಡಿದಂತೆ.

ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿದ್ದ ಒಂದು ಮಧ್ಯಾಹ್ನ ಅವಳು ವ್ಯಾಗನ್ನನ್ನು ಅದರ ಜಾಗದಲ್ಲಿಟ್ಟಳು. ನಲವತ್ತೆರಡು ಅಡಿ ಎಂದರೆ ಮೇಜಿನ ಮೇಲೆ ಒಂದು ಗೇಣಿಗೂ ಕಡಿಮೆ. ಬಾಗಿ ತೂತಿಗೆ ಕಣ್ಣಿಟ್ಟಳು.

ಮೊದಲು ಕತ್ತಲೆ. ಆಮೇಲೆ ಲೋಕ ತೆರೆಯಿತು. ಅವಳ ಮುಂದೆ ಲಿವರುಗಳು ಎದೆಯೆತ್ತರಕ್ಕೆ ನಿಂತಿದ್ದವು. ಕಿಟಕಿಯಾಚೆ ಹಳಿಗಳು ಬಿಸಿಲಲ್ಲಿ ಹೊಳೆಯುತ್ತ ದೂರ ದೂರ ಹೋಗಿದ್ದವು, ಪ್ಲಾಟ್‌ಫಾರಂ ನೆರಳು ಚೆಲ್ಲಿತ್ತು, ನೀರಿನ ಟ್ಯಾಂಕು ಆಕಾಶಕ್ಕೆ ಮುಟ್ಟಿತ್ತು. ತಾನೇ ಚಹಾಪುಡಿ ಅರೆದು ಮಾಡಿದ ಮಣ್ಣು ಎಂಬುದು ಅವಳಿಗೆ ನೆನಪಿಗೇ ಬರಲಿಲ್ಲ. ತಮ್ಮ ಹದಿನಾರು ವರ್ಷ ದಿನಾ ನೋಡಿದ್ದು ಇದು. ಇಷ್ಟು ಚೆಂದವಿತ್ತೇ ಇದು, ಇದನ್ನೆಲ್ಲ ಬಿಟ್ಟು ಕೊಡೆಗಳ ಕೋಣೆಗೆ ಹೋದನೇ ಎಂದುಕೊಂಡಳು. ರೋಮಾಂಚನದಲ್ಲಿ ಬಂದ ಕೆಲಸವನ್ನೇ ಒಂದು ಗಳಿಗೆ ಮರೆತಿದ್ದಳು.

ಆಮೇಲೆ ಕಣ್ಣು ಕೆಳಗಿಳಿಸಿದಳು. ವ್ಯಾಗನ್ನು ಅಲ್ಲೇ ಇತ್ತು. ಕಿಟಕಿಯ ಅಂಚಿನ ಮೇಲೆ, ಉದ್ದಕ್ಕೂ, ಗಾಲಿಯ ಸಮೇತ, ಎರಡು ತಗ್ಗಿನ ಸಮೇತ.

ಡ್ರೈವರೂ ನೋಡಿದ. ಟೋಪಿ ಹಾಕಿಕೊಂಡು ಹೋದ. ಅಕ್ಕ ಬೀಗ ಹಾಕಿ ಕೀಲಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹಾಕಿಟ್ಟಳು. ಹತ್ತು ದಿನ ಅವಳು ತಮ್ಮನ ಮುಖ ನೋಡಿ ಮಾತಾಡಲಿಲ್ಲ. ಬಂದವರಿಗೆಲ್ಲ ಬೆಳ್ಳಗಿನ ಸಾಲು ಹಲ್ಲು ಕೇಳಿದಂತೆ ಮಾಡಿಕೊಟ್ಟಳು, ಒಂದು ಬೈಗುಳವೂ ಇಲ್ಲದೆ. ಅಕ್ಕನಿಗೇನೋ ಕಾಯಿಲೆ ಎಂದು ಗಲ್ಲಿಯಲ್ಲಿ ಮಾತಾಯಿತು. ಕಾಯಿಲೆಯೇ. ಅಳೆದದ್ದು ತಾನೇ, ಕಟ್ಟಿದ್ದು ತಾನೇ, ಅದರಲ್ಲಿ ಕೂದಲೆಳೆಯ ತಪ್ಪಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಸಂಕಟ.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಬಚ್ಚಲಿಗೆ ಹೋಗುವಾಗ ತಮ್ಮ ಗಡ್ಡ ಹೆರೆದುಕೊಳ್ಳುತ್ತಿದ್ದ. ಬಚ್ಚಲ ಕನ್ನಡಿಯನ್ನು ಅಪ್ಪ ತನ್ನ ಎತ್ತರಕ್ಕೆ ಹೊಡೆದ ಮೊಳೆಗೆ ನೇತುಹಾಕಿದ್ದ. ಅಪ್ಪ ಹೋಗಿ ಎಷ್ಟೋ ಕಾಲವಾಗಿದ್ದರೂ ಮೊಳೆ ಬದಲಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ತಮ್ಮ ಎಂದಿನಂತೆ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ನಿಂತಿದ್ದ. ದಿನಾ ನೋಡುವ ದೃಶ್ಯ. ಅಕ್ಕ ದಾಟಿಕೊಂಡು ಎರಡು ಹೆಜ್ಜೆ ಹೋದವಳು ನಿಂತಳು. ತಿರುಗಿ ನೋಡಿದಳು. ಬಕೆಟ್ಟನ್ನು ನೋಡಿದಳು.

ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದುಕೊಂಡಳು. ಹನ್ನೊಂದನೆಯ ಲಿವರಿನ ಹಿಡಿಯ ಹೊಳಪನ್ನೂ ಬಿಡದೆ ಮಾಡಿದವಳು, ಆ ಹಿಡಿಯನ್ನು ಎಳೆದವನನ್ನು ಮಾತ್ರ ಡಬ್ಬಿಯಿಂದ ತೆಗೆದು ನಿಲ್ಲಿಸಿದ್ದಳು. ಡಬ್ಬಿಯ ಮನುಷ್ಯ, ನಿಜದ ಲೆಕ್ಕದಲ್ಲಿ, ಆರಡಿಗೆ ಒಂದಿಂಚು ಕಡಿಮೆ. ಅಂಗಡಿಯವರು ಯಾರದೋ ಲೆಕ್ಕಕ್ಕೆ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಹೊಯ್ದಿದ್ದರು. ಸಾಹೇಬರು ಮಾಡಿದ ತಪ್ಪನ್ನೇ ಅವಳೂ ಮಾಡಿದ್ದಳು, ಅದೂ ಎರಡು ವರ್ಷ ಕಣ್ಣು ಸವೆಸಿ. ಬೀದಿಯ ಮಕ್ಕಳಿಗೂ ಗೊತ್ತಿದ್ದ ಸಂಗತಿ ಅವಳೊಬ್ಬಳಿಗೆ ಹೊಳೆದಿರಲಿಲ್ಲ, ಯಾಕೆಂದರೆ ಅವಳೊಬ್ಬಳೇ ಅವನನ್ನು ಗಿಡ್ಡ ಎಂದು ಕರೆಯದವಳು.

"ಲೋ, ಮುಖ ತೊಳ್ಕೊಂಡು ಬಾ. ಡ್ಯೂಟಿ ಬೂಟು ಇನ್ನೂ ಇದ್ಯಾ?"

"ಇದೆ. ಯಾಕೆ?"

"ಹಾಕ್ಕೊಂಡು ಬಾ. ಗೋಡೆಗೆ ಒರಗಿ ನಿಲ್ಲು."

ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡೇ ಅವನು ನಿಂತ. ಅಳತೆ ಅಂದರೆ ಅವನಿಗೆ ಆಗದು, ಆದರೂ ಅಕ್ಕನ ಮುಖ ನೋಡಿ ಸುಮ್ಮನಾದ. ಬೂಟು ಸೇರಿ ಸರಿಯಾಗಿ ಐದಡಿ. ಕಣ್ಣಿನ ಮಟ್ಟಕ್ಕೆ ನಾಲ್ಕಡಿ ಏಳೂವರೆ ಇಂಚು. ಅವಳು ಸೋಪು ಹತ್ತಿದ ಕಡೆಯೇ ಗೋಡೆಗೆ ಪೆನ್ಸಿಲ್ ಗೆರೆ ಎಳೆದಳು.

ಆ ದಿನವೆಲ್ಲ ಹಲ್ಲಿಗೆ ಬಂದವರನ್ನು ಬಾಗಿಲಿಂದಲೇ ವಾಪಸು ಕಳಿಸಿದಳು. ಗುಲಾಬಿ ಮೇಣದಲ್ಲಿ ಅವನನ್ನು ಕೆತ್ತಿ, ಅಚ್ಚು ತೆಗೆದು, ಹಲ್ಲು ಕಟ್ಟುವ ಪುಡಿಯಲ್ಲೇ ಎರಕ ಹೊಯ್ದಳು. ಮುಂದೆ ಚಾಚಿದ ಗಲ್ಲ, ದಪ್ಪ ಅಟ್ಟೆ, ಹಿಂದಕ್ಕೆ ಬಾಚಿದ ಕೂದಲು. ತಲೆಯಲ್ಲಿ ತೂತು. ಅಂಗಡಿಯ ಬೊಂಬೆಯ ಪಕ್ಕ ನಿಲ್ಲಿಸಿದರೆ ಅರ್ಧ ಅಕ್ಕಿಕಾಳಿನಷ್ಟು ಕಡಿಮೆ ಎತ್ತರ. ಸಂಜೆ ಹೊತ್ತಿಗೆ ಅವನನ್ನು ಲಿವರಿನ ಹಿಂದೆ ನಿಲ್ಲಿಸಿ ಕರಿ ಕಾಗದ ಅಂಟಿಸಿದಳು. ಕಣ್ಣಿಡಲು ಬಾಗಿದಳು. ಬಾಗಿದವಳು ಹಾಗೇ ಎದ್ದಳು.

ಹಲ್ಲು ಕೂತಿತೋ ಇಲ್ಲವೋ ಎಂದು ಕಟ್ಟಿದವಳು ಹೇಳುವಂತಿಲ್ಲ, ಹಾಕಿಕೊಂಡವರು ಕಚ್ಚಿ ಹೇಳಬೇಕು. ಇವಳು ಮೊದಲು ನೋಡಿ, ಅನುಕೂಲವಾದರೆ ಕರೆದು ತೋರಿಸಿ, ಇಲ್ಲವಾದರೆ ಬೀಗ ಹಾಕಿದರೆ ಅದು ಎಂಥ ಪರೀಕ್ಷೆ? ಕಂಡುಬಿಟ್ಟರೆ ತಮ್ಮ ಆ ಕೋಣೆಯಿಂದ ಹೇಗೆ ಹೊರಗೆ ಬರುತ್ತಾನೋ ಅವಳಿಗೆ ಗೊತ್ತಿರಲಿಲ್ಲ. ಆದರೂ ಹೋಗಿ ಬಾಗಿಲು ತೆಗೆದಳು.

"ಬಾರೋ ಒಳಗೆ."

ಅವನು ಬಂದವನು ಹೊಸ್ತಿಲಲ್ಲೇ ನಿಂತ. ನಿಂತೇ ಇದ್ದ. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಟ್ಟಿದರೆ ಎಲ್ಲ ಹಾರಿಹೋದೀತು ಎಂಬಂತೆ, ಮೇಜಿನ ಸುತ್ತ ಒಂದೊಂದೇ ಹೆಜ್ಜೆ ಹಾಕಿದ. ಪ್ಲಾಟ್‌ಫಾರಂ ಮುಗಿಯುವ ಕಡೆ ಬಾಗಿದ. ನೀರಿನ ಟ್ಯಾಂಕಿನ ಬಳ್ಳಿಯಷ್ಟು ಸಣ್ಣ ಕೊಳವೆ ನೋಡಿದ. ಕ್ಯಾಬಿನ್ನಿನ ಮುಂದೆ ಬಂದಾಗ ಅವನ ಬಾಯಿ ತೆರೆದೇ ಇತ್ತು.

"ಮೂರನೇ ಮೆಟ್ಟಿಲು ಮುರಿದಿತ್ತು" ಎಂದ, ಪಿಸುಮಾತಿನಲ್ಲಿ. ಬಗ್ಗಿ ನೋಡಿದ. ಮೂರನೇ ಮೆಟ್ಟಿಲು ಮುರಿದಿತ್ತು. "ಅಕ್ಕ, ಇದನ್ನ ನೀನು ಮಾಡಿದ್ಯಾ?"

"ಮಾಡ್ದೆ."

"ಕೈಯಲ್ಲೇ?"

"ಕಾಲಲ್ಲಿ ಮಾಡ್ತಾರೇನೋ? ಇಲ್ಲಿ ಕಣ್ಣಿಡು. ಅಲ್ಲಿರೋನು ನೀನು. ಹನ್ನೊಂದನ್ನ ಎಳೀತಿದೀಯ. ವ್ಯಾಗನ್ನು ಆವತ್ತು ನಿಂತ ಕಡೇನೇ ಇದೆ. ಏನು ಕಾಣುತ್ತೆ ಹೇಳು. ನಂಗೋಸ್ಕರ ಹೇಳ್ಬೇಡ, ಕಂಡದ್ದು ಹೇಳು."

ಅವನು ಬಾಗಿಲ ಕಡೆ ನೋಡಿದ. ಹೋಗಿಬಿಡುತ್ತಾನೆ ಎಂದುಕೊಂಡಳು. ಹೋಗಲಿಲ್ಲ. ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ತನ್ನದೇ ತಲೆಯ ಹಿಂದೆ ಕಣ್ಣಿಟ್ಟ.

ಅಕ್ಕ ಅವನ ಬೆನ್ನನ್ನೇ ನೋಡುತ್ತಿದ್ದಳು. ಬೆನ್ನು ಮೊದಲು ಗಟ್ಟಿಯಾಗಿ ನಿಂತಿತ್ತು, ಆಮೇಲೆ ಮೆಲ್ಲಗೆ ಅಲುಗತೊಡಗಿತು.

"ಟ್ಯಾಂಕು ಕಾಣುತ್ತೆ" ಎಂದ. "ಸಿಗ್ನಲ್ ಕಾಣುತ್ತೆ. ಪ್ಲಾಟ್‌ಫಾರಂ ಪೂರ್ತಿ ಕಾಣುತ್ತೆ. ಲೈನ್..." ತಡೆದ. "ವ್ಯಾಗನ್ ಎಲ್ಲಿದೆ ಅಕ್ಕ? ಇಟ್ಟಿದೀಯಾ ಇಲ್ವಾ?"

"ಇಟ್ಟಿದೀನಿ. ತಲೆ ಎತ್ತಿ ನೋಡು."

ಎತ್ತಿ ನೋಡಿದ. ಇತ್ತು. ಮತ್ತೆ ಕಣ್ಣಿಟ್ಟ. ಇರಲಿಲ್ಲ. ಗಿಡ್ಡಣ್ಣನ ನೋಟ ಕಿಟಕಿಯ ಅಂಚನ್ನು ಸವರಿಕೊಂಡು ದೂರಕ್ಕೆ ಹೋಗುತ್ತಿತ್ತು. ಆ ನೋಟದ ಕೆಳಗೆ, ದೀಪದ ಬುಡದ ಕತ್ತಲೆಯಂಥ ಮರೆಯಲ್ಲಿ, ಬರಿ ಹಾಸಿನ ವ್ಯಾಗನ್ನು ಅಡಗಿ ನಿಂತಿತ್ತು. ಅಕ್ಕ ಅದನ್ನು ತೆಗೆದು ಅದೇ ಜಾಗದಲ್ಲಿ ಗೋಡೆ ಚಾವಣಿ ಇರುವ ಮಾಮೂಲಿ ವ್ಯಾಗನ್ನು ಇಟ್ಟಳು.

"ಈಗ?"

"ಕಾಣ್ತು. ಮೇಲಿನ ಅರ್ಧ ಕಾಣ್ತು." ಅವನು ತೂತಿನಿಂದ ಕಣ್ಣು ತೆಗೆಯಲಿಲ್ಲ. "ದಿನಾ ಬರ್ತಿದ್ದದ್ದೆಲ್ಲ ಇಂಥವೇ ಅಕ್ಕ. ಬರಿ ಹಾಸಿಂದು ವರ್ಷಕ್ಕೊಂದು ಬಂದ್ರೆ ಹೆಚ್ಚು. ಅದಕ್ಕೇ ನಂಗೆ ಯಾವತ್ತೂ..."

ಅವನು ನೆಲದ ಮೇಲೆಯೇ ಕೂತು ಮೇಜಿನ ಕಾಲಿಗೆ ತಲೆಯಿಟ್ಟ. ಯಾರಿಗೋ ಅಲ್ಲ, ತನಗೇ ಎಂಬಂತೆ ಹೇಳಿದ.

"ನೋಡಿದ್ದೆ."

ಅಕ್ಕ ಗೊತ್ತು ಕಣೋ ಅನ್ನಲಿಲ್ಲ. ಇಷ್ಟು ವರ್ಷ ಅದು ಸಮಾಧಾನದ ಮಾತಾಗಿತ್ತು, ಇವತ್ತು ಅದರ ಅಗತ್ಯವಿರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಎರಡು ಹೆಜ್ಜೆ ಕಿಟಕಿ ಹತ್ರ ಹೋಗಿದ್ರೆ ಕಾಣ್ತಿತ್ತು" ಎಂದ ಅವನು.

"ಕಾಣ್ತಿತ್ತು. ಅದು ಬೇರೆ ಮಾತು. ಅದಕ್ಕೆ ಬೇಕಾದ್ರೆ ದುಃಖಪಡು. ಸುಳ್ಳ ಅಂತ ಮಾತ್ರ ಅಂದ್ಕೋಬೇಡ."

ಅವನು ಎದ್ದು ಮುಖ ತೊಳೆದು ಬಂದ. "ಡ್ರೈವರನ್ನ ಕರೀತೀಯಾ?" ಎಂದು ಕೇಳಿದ. ಇಪ್ಪತ್ತು ವರ್ಷ ಹಿಂಬಾಗಿಲಿನಿಂದ ಹೋಗುತ್ತಿದ್ದವನು ಕೇಳಿದ ಮಾತದು. ಅಕ್ಕ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೋಗಿ ಕರೆದುಕೊಂಡು ಬಂದಳು.

ಅಕ್ಕ ಬರಿ ಹಾಸಿನ ವ್ಯಾಗನ್ನನ್ನೇ ಮತ್ತೆ ಆ ಜಾಗದಲ್ಲಿಟ್ಟಳು. ಡ್ರೈವರು ಏದುಸಿರು ಬಿಡುತ್ತ ಬಂದು, ಟೋಪಿ ತೆಗೆದು, ಬಾಗಿ, ಗಿಡ್ಡಣ್ಣನ ತಲೆಯೊಳಗಿಂದ ನೋಡಿದ. ವ್ಯಾಗನ್ನನ್ನು ಬೆರಳಿಂದ ಮುಟ್ಟಿ, ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು, ಮತ್ತೆ ನೋಡಿದ. ಎದ್ದವನು ಸೊಂಟ ಹಿಡಿದುಕೊಂಡು ನಿಂತ.

"ಕಾಣಲ್ಲ ಕಣಯ್ಯ" ಎಂದ. "ನನ್ನಾಣೆಗೂ ಕಾಣಲ್ಲ."

"ನಿಮ್ಮ ಹಲ್ಲು..." ಎಂದು ಶುರುಮಾಡಿದ ಗಿಡ್ಡಣ್ಣ.

"ಅದು ಹೋಗಿದ್ದೇ ಒಳ್ಳೇದಾಯ್ತು ಬಿಡು. ಇವು ನೋಯಲ್ಲ." ಡ್ರೈವರು ತನ್ನ ಆರು ಹಲ್ಲನ್ನು ಉಗುರಿನಿಂದ ಟಕ್ ಟಕ್ ಎಂದು ಬಡಿದು ತೋರಿಸಿದ. ಆದರೆ ಅವನ ಕಣ್ಣೂ ತೇವವಾಗಿತ್ತು. ಅದನ್ನು ಮುಚ್ಚಿಕೊಳ್ಳಲು ಜೇಬಿನಿಂದ ತನ್ನ ಬೆರಳುದ್ದದ ಎಂಜಿನ್ ತೆಗೆದು ಹಳಿಯ ಕೊನೆಯಲ್ಲಿಟ್ಟು, ಎರಡು ಬೋಗಿ ಜೋಡಿಸಿದ. "ಗಾಡಿ ಹೊರಗೆ ನಿಂತು ಇಪ್ಪತ್ತು ವರ್ಷ ಆಯ್ತು. ಒಳಗೆ ತಗೋತೀಯೋ ಇಲ್ವೋ?"

ಅಕ್ಕ ಹನ್ನೊಂದನೆಯ ಲಿವರಿಗೆ ಮೇಜಿನ ಕೆಳಗಿನಿಂದ ಒಂದು ತಂತಿ ಕಟ್ಟಿ ಅದರ ತುದಿಯಲ್ಲಿ ಹಿಡಿ ಮಾಡಿದ್ದಳು. ಎಳೆದರೆ ಹಳಿ ನಿಜವಾಗಿಯೂ ಸರಿಯುತ್ತಿತ್ತು. ಗಿಡ್ಡಣ್ಣ ಬರಿ ಹಾಸಿನ ವ್ಯಾಗನ್ನನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕದ ಹಳಿಯ ಒಳಕ್ಕೆ ಇಟ್ಟು, ಗಾಲಿಗೆ ಬೆಂಕಿಕಡ್ಡಿಯ ಚೂರೊಂದನ್ನು ಅಡ್ಡ ಕೊಟ್ಟ. ಬಂದು ಹಿಡಿಗೆ ಕೈ ಹಾಕಿದ. ಹಾಕಿದವನು ಕೈ ತೆಗೆದ. ಮೇಜನ್ನು ಪೂರ್ತಿ ಸುತ್ತಿ ಆಚೆ ಬದಿಗೆ ಹೋಗಿ, ಬಗ್ಗಿ, ಹಳಿಯನ್ನು ತನ್ನ ಕಣ್ಣಿನಿಂದ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಅಕ್ಕನೂ ಡ್ರೈವರೂ ಕಾದರು. ಅವನು ನಿಧಾನವಾಗಿ ವಾಪಸು ಬಂದು ಹಿಡಿಯನ್ನು ಎಳೆದ, ಡ್ರೈವರು ಸ್ವಿಚ್ಚು ಒತ್ತಿದ, ಎಂಜಿನ್ನು ಎರಡು ಬೋಗಿಗಳನ್ನು ಎಳೆದುಕೊಂಡು ಕ್ಯಾಬಿನ್ನನ್ನು ದಾಟಿ ಪ್ಲಾಟ್‌ಫಾರಂಗೆ ಬಂದು ನಿಂತಿತು.